ರಿಸರ್ವ್ ಅಂದ್ರೆ ಯಾವ ರಿಸರ್ವ್?

ಹೂಗ್ಯಂ ಕಡೆಗೆ ಸುದ್ದಿಗೆ ಹೋದಾಗಲೆಲ್ಲ ನಾವು ನಾವೇ ಹೇಳಿಕೊಂಡು ನಗುವ ಮಾತೊಂದಿದೆ: "ಹೂಗ್ಯಂ ರೇಂಜ್‌ನಲ್ಲಿ ರೇಂಜ್ ಸಿಗಲ್ಲ." ಮೊದಲನೆಯ ರೇಂಜ್ ಅರಣ್ಯ ಇಲಾಖೆಯ ವಲಯ, ಎರಡನೆಯದು ಮೊಬೈಲಿನದು. ಬೆಂಗಳೂರಿಗೆ ಹೋಗಿ ಕಾರು ತಗೊಂಡು ಊರಿಗೆ ಬಂದವನ "ರೇಂಜೇ ಬೇರೆ" ಅನ್ನುತ್ತಾರಲ್ಲ, ಅದು ಮೂರನೆಯದು.

ರೇಂಜ್ ಹೋಗಲಿ ಬಿಡಿ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಅದಕ್ಕಿಂತ ಹೆಚ್ಚು ಕೆಲಸ ಮಾಡಿರುವ ಇಂಗ್ಲಿಷ್ ಪದ ಇನ್ನೊಂದಿದೆ. ಅದು ರಿಸರ್ವ್.

ಹಳೆ ಬೈಕ್ ಓಡಿಸಿದವರಿಗೆ ಇದು ಟ್ಯಾಂಕಿನ ಕೆಳಗಿನ ನಲ್ಲಿ. ಕೌದಳ್ಳಿ ದಾಟಿದ ಮೇಲೆ ಗಾಡಿ ಜಗ್ಗಲು ಶುರು ಮಾಡಿದರೆ ಕೈ ಕೆಳಗೆ ಹಾಕಿ ನಲ್ಲಿ ತಿರುಗಿಸಿ "ರಿಸರ್ವ್‌ಗೆ ಬಿತ್ತು" ಅನ್ನುತ್ತೇವೆ. ಬಸ್ಸಿನಲ್ಲಿ ಸೀಟು ರಿಸರ್ವ್. ಪಂಚಾಯ್ತಿಯಲ್ಲಿ "ಈ ಸಲ ಅಧ್ಯಕ್ಷ ಸ್ಥಾನ ರಿಸರ್ವ್ ಬಂತು." ಗಲಾಟೆಯಾದರೆ ಬರುವುದು ರಿಸರ್ವ್ ಪೊಲೀಸ್ ವ್ಯಾನು. ಜೇಬಿನ ನೋಟು ರಿಸರ್ವ್ ಬ್ಯಾಂಕಿನದು. ದನ ಹೊಡೆದುಕೊಂಡು ಹೋಗುವ ಹುಡುಗನಿಗೆ ಮನೆಯ ಹಿರಿಯರು ಹೇಳುವುದು, "ಅತ್ಲಾಗೆ ಬುಡಬ್ಯಾಡ, ಅದು ರಿಸರ್ವು."

ಈ ಪದ ಲ್ಯಾಟಿನ್ ಮೂಲದ್ದು, ಹಿಂದಕ್ಕೆ ಇಟ್ಟುಕೊಳ್ಳುವುದು ಎಂದರ್ಥ. ಬೈಕಿನಲ್ಲಿ ಪೆಟ್ರೋಲ್ ನಮಗಾಗಿಯೇ ಹಿಂದೆ ಉಳಿದಿರುತ್ತದೆ. ಕಾಡಿನ ವಿಷಯದಲ್ಲಿ ಯಾರು ಹಿಂದೆ ಇಟ್ಟುಕೊಂಡರು, ಯಾರಿಂದ ಇಟ್ಟುಕೊಂಡರು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಕಡೆಯ ಚರಿತ್ರೆಯ ದೊಡ್ಡ ಭಾಗ ಇರುವುದು ಆ ಪ್ರಶ್ನೆಯಲ್ಲಿ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಬ್ರಿಟಿಷರ ಕೈಗೆ ಹೋಗಿ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಇಂದಿನ ಹನೂರು, ರಾಮಾಪುರ, ಹೂಗ್ಯಂ ಎಲ್ಲ ಅದರೊಳಗೇ. ಪಕ್ಕದ ಯಳಂದೂರು ಮಾತ್ರ ಮೈಸೂರು ಸೀಮೆಯಲ್ಲಿ ಉಳಿಯಿತು. ಅದನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಒಂದೇ ಮಾತು, ಒಂದೇ ದೇವರು, ಒಂದೇ ಬೆಟ್ಟದ ಸಾಲು. ಕಚೇರಿ ಮಾತ್ರ ಬೇರೆ. ಹೂಗ್ಯಂ ರೈತನ ಜಿಲ್ಲಾ ಕಚೇರಿ ಕೊಯಮತ್ತೂರಿನಲ್ಲಿತ್ತು. ಈಗ ಚಾಮರಾಜನಗರವೇ ದೂರ ಅನ್ನುವ ನಾವು ಅದನ್ನು ಸ್ವಲ್ಪ ಊಹಿಸಿಕೊಳ್ಳಬೇಕು.

1878ರಲ್ಲಿ ಬ್ರಿಟಿಷ್ ಸರ್ಕಾರ ಭಾರತೀಯ ಅರಣ್ಯ ಕಾಯ್ದೆ ತಂದು ಕಾಡನ್ನು ರಿಸರ್ವ್, ಪ್ರೊಟೆಕ್ಟೆಡ್, ಗ್ರಾಮ ಅರಣ್ಯ ಎಂದು ಮೂರು ಮಾಡಿತು. ಮದರಾಸು ಸರ್ಕಾರ ಇದನ್ನು ಒಪ್ಪಲಿಲ್ಲ. ಅಲ್ಲಿನ ಕಂದಾಯ ಮಂಡಳಿ ಊರಿನವರಿಗೆ ಕಾಡಿನ ಮೇಲೆ ಹಿಂದಿನಿಂದ ಬಂದ ಹಕ್ಕಿದೆ ಎಂದು ವಾದ ಹೂಡಿತ್ತು. ಬ್ರಿಟಿಷ್ ಅಧಿಕಾರಿಗಳೇ ಬ್ರಿಟಿಷ್ ಕಾಯ್ದೆಗೆ ಎದುರು ನಿಂತದ್ದು ಶಾಲೆಯ ಪುಸ್ತಕದಲ್ಲಿ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಕೊನೆಗೆ 1882ರಲ್ಲಿ ಮದರಾಸು ತನ್ನದೇ ಅರಣ್ಯ ಕಾಯ್ದೆ ಮಾಡಿತು. ಆದರೆ ರಿಸರ್ವ್ ಎಂಬ ಪದ ಅದರಲ್ಲೂ ಉಳಿಯಿತು.

ರಿಸರ್ವ್ ಮಾಡುವುದಕ್ಕೆ ಒಂದು ಕ್ರಮ ಇತ್ತು. ಇಂಥ ಗಡಿಯೊಳಗಿನ ಜಾಗವನ್ನು ಕಾಯ್ದಿರಿಸುತ್ತೇವೆ ಎಂದು ಮೊದಲು ಗೆಜೆಟ್‌ನಲ್ಲಿ ಪ್ರಕಟಣೆ. ನಂತರ ಫಾರೆಸ್ಟ್ ಸೆಟಲ್‌ಮೆಂಟ್ ಆಫೀಸರ್ ಬಂದು, ಯಾರಿಗೆ ಜಮೀನಿನ ಹಕ್ಕಿದೆ, ಯಾರಿಗೆ ದನ ಮೇಯಿಸುವ, ದಾರಿ ಬಳಸುವ, ನೀರು ತರುವ ಹಕ್ಕಿದೆ ಎಂದು ಕೇಳಬೇಕು. ಹೇಳಿಕೊಳ್ಳಲು ತಿಂಗಳುಗಳ ಗಡುವು. ಗಡುವಿನೊಳಗೆ ಹೇಳದ ಹಕ್ಕು ಬಿದ್ದುಹೋಗುತ್ತದೆ. ಓದು ಬರಹ ಇಲ್ಲದ, ವರ್ಷದಲ್ಲಿ ಅರ್ಧ ಕಾಲ ದೊಡ್ಡಿಯಲ್ಲಿ ದನದ ಜೊತೆ ಮಲಗುವ ಮನುಷ್ಯ ಆ ಗಡುವನ್ನು ಹೇಗೆ ಹಿಡಿಯಬೇಕು? ಸೋಲಿಗರ ಪೋಡಿಗೆ ಗೆಜೆಟ್ ಹೇಗೆ ತಲುಪಬೇಕು?

ಸೆಟಲ್‌ಮೆಂಟ್ ಎಂಬ ಪದವೂ ಹಾಗೇ. ಮಗ ಪಟ್ಟಣದಲ್ಲಿ ಸೆಟಲ್ ಆದ ಅಂದರೆ ನಮಗೆ ಸಂತೋಷ. ಕಾಡಿನ ಸೆಟಲ್‌ಮೆಂಟ್‌ನಲ್ಲಿ ಎಷ್ಟೋ ಜನ ಇದ್ದ ನೆಲೆ ಬಿಟ್ಟರು.

ಮೈಸೂರು ಸೀಮೆಯಲ್ಲಿ ಇಂಥದೇ ಕಾಡಿಗೆ ಸ್ಟೇಟ್ ಫಾರೆಸ್ಟ್ ಎಂಬ ಹೆಸರಿತ್ತು. ಗಡಿಯ ಆಚೆ ರಿಸರ್ವ್, ಈಚೆ ಸ್ಟೇಟ್. ಆನೆಗೆ ಎರಡೂ ಒಂದೇ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1963ರ ನಮ್ಮ ರಾಜ್ಯದ ಅರಣ್ಯ ಕಾಯ್ದೆಯೂ ರಿಸರ್ವ್ ಪದವನ್ನೇ ಇಟ್ಟುಕೊಂಡಿತು.

ಕನ್ನಡದಲ್ಲಿ ಇದಕ್ಕೆ "ಮೀಸಲು ಅರಣ್ಯ" ಅಂದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಮೀಸಲು ನಮ್ಮಲ್ಲಿ ಹಳೆಯ ಪದ. ದೇವರಿಗೆಂದು ತೆಗೆದಿಟ್ಟದ್ದು, ಯಾರೂ ಬಾಯಿಗಿಡದ್ದು. ಮೊದಲ ಹಾಲು ಮಾದಪ್ಪನಿಗೆ ಮೀಸಲು. ಅದನ್ನು ತೆಗೆದಿಡುವುದು ಮನೆಯವರೇ, ಭಕ್ತಿಯಿಂದ. ಯಾರೋ ಬಂದು ಬೇಲಿ ಹಾಕಿ ಮೀಸಲು ಮಾಡುವುದಿಲ್ಲ. ಬಿಳಿಗಿರಿಯ ಸೋಲಿಗರು ಕಾಡಿನಲ್ಲಿ ತಮ್ಮ ಕುಲಗಳ ದೇವರಿಗೆ ಎಲ್ಲೆ ಗುರುತಿಸಿ ಕಾಯ್ದುಕೊಂಡು ಬಂದಿದ್ದಾರೆ. ಮೀಸಲು ಅನ್ನಬೇಕಾದರೆ ಅದಕ್ಕೆ ಅನ್ನಬೇಕು. ಕಾಯ್ದೆಯ ರಿಸರ್ವ್‌ಗೆ "ಕಾಯ್ದಿರಿಸಿದ ಕಾಡು" ಸಾಕಿತ್ತು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಕಡೆ "ಫಾರೆಸ್ಟ್" ಅಂದರೆ ಕಾಡೇ ಅಲ್ಲ. "ಫಾರೆಸ್ಟ್‌ನೋರು ಬಂದ್ರು" ಅಂದರೆ ಇಲಾಖೆ ಬಂತು ಅಂತ. ಮರ ಇರುವ ಜಾಗ ಕಾಡು. ನಾವು ಇಂಗ್ಲಿಷ್ ಕೆಡಿಸಿದೆವು ಅಂದುಕೊಳ್ಳಬೇಡಿ. ಹಿಂದಿನ ಇಂಗ್ಲೆಂಡಿನಲ್ಲೂ ಫಾರೆಸ್ಟ್ ಅಂದರೆ ರಾಜನ ಬೇಟೆಗೆ ಕಟ್ಟಿಟ್ಟ, ಬೇರೆ ಕಾನೂನು ನಡೆಯುವ ಜಾಗ. ಅಲ್ಲಿ ಮರ ಇರಲೇಬೇಕು ಎಂದೇನಿರಲಿಲ್ಲ. ನಮ್ಮ ದನಗಾಹಿಗಳು ಆ ಪದದ ಹಳೆಯ ಅರ್ಥವನ್ನೇ ಹಿಡಿದಿದ್ದಾರೆ.

ಇದೇ ಪದ ಜನರಿಗೆ ಬಾಗಿಲು ತೆರೆದ ಕಥೆಯೂ ಇದೆ. ಯಳಂದೂರಿನವರಿಗೆ ಅದು ಮೈಸೂರಿನಿಂದ ಬಂತು. 1918ರಲ್ಲಿ ಮಹಾರಾಜರು ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವಂತೆ ಹೇಳಿತು. ಕೊಳ್ಳೇಗಾಲದವರಿಗೆ ಅದು ಮದರಾಸಿನ ಜಸ್ಟೀಸ್ ಪಕ್ಷದ ಕಾಲದ ಆದೇಶದಿಂದ ಬಂತು. ಸಂವಿಧಾನ ಬಂದ ಮೇಲೆ ಕ್ಷೇತ್ರಗಳೂ ಮೀಸಲಾದವು. ಹನೂರು ಸಾಮಾನ್ಯ ಕ್ಷೇತ್ರ, ಪಕ್ಕದ ಕೊಳ್ಳೇಗಾಲ ಪರಿಶಿಷ್ಟ ಜಾತಿಗೆ ಮೀಸಲು. ಯಳಂದೂರು ಸೇರಿದ್ದ ಸಂತೇಮರಹಳ್ಳಿಯೂ ಮೀಸಲು ಕ್ಷೇತ್ರವಾಗಿತ್ತು. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ. ಒಂದು ವೋಟಿನ ಬೆಲೆ ಹೇಳಲು ಇಡೀ ದೇಶ ನಮ್ಮ ಜಿಲ್ಲೆಯ ಹೆಸರು ತೆಗೆಯುವುದು ಅದಕ್ಕೇ.

ರಿಸರ್ವ್ ಪೊಲೀಸ್ ಎಂದರೆ ನಲವತ್ತು ದಾಟಿದವರಿಗೆ ವೀರಪ್ಪನ್ ಕಾಲ ನೆನಪಾಗುತ್ತದೆ. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿಯಾಗಿ ಐವರು ಪೊಲೀಸರು ಸತ್ತ ಮೇಲೆ ಪಡೆಗಳು ಊರೂರಿಗೆ ಬಂದವು. ಆ ಕಥೆಗೆ ಬೇರೆ ಲೇಖನವೇ ಬೇಕು.

ಈಗ ಹೊಸ ರಿಸರ್ವ್‌ನ ಮಾತು: ಟೈಗರ್ ರಿಸರ್ವ್. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಧಾಮವಾಯಿತು, ಸುಮಾರು 906 ಚದರ ಕಿಲೋಮೀಟರ್. ಅದನ್ನೂ ಟೈಗರ್ ರಿಸರ್ವ್ ಮಾಡುವ ಪ್ರಸ್ತಾವನೆ ವರ್ಷಗಳಿಂದ ಓಡಾಡುತ್ತಿದೆ, ವಿರೋಧವೂ ಇದೆ.

2025ರ ಜೂನ್ 26ರಂದು ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹೂಗ್ಯಂ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂದದ್ದು ಹೀಗೆ. ಹಸು ಕಳೆದುಕೊಂಡ ಸಂಕಟ ನಮಗೆ ಗೊತ್ತು. ನಮ್ಮಲ್ಲೂ ದನ ಸಾಕಿದವರಿದ್ದಾರೆ. ಆದರೂ ಮರಿಗಳ ಫೋಟೋ ನೋಡಿದ ದಿನ ಯಾರಿಗೂ ಊಟ ಸೇರಲಿಲ್ಲ. ಅದಾದ ಮೇಲೆ ದನ ಕಾಡಿಗೆ ಬಿಡುವ ಮಾತು ಇನ್ನೂ ಬಿಗಿಯಾಯಿತು.

ಚಹಾ ಅಂಗಡಿಯಲ್ಲಿ ಹಿರಿಯರೊಬ್ಬರು ನಮ್ಮನ್ನು ಕೇಳಿದರು, "ಆಗ್ಲೇ ರಿಸರ್ವೇ ಅಲ್ವಾ, ಇನ್ಯಾವ ರಿಸರ್ವ್ ಮಾಡ್ತಾರಂತೆ?" ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇವೆ. ರಿಸರ್ವ್ ಫಾರೆಸ್ಟ್ ಅರಣ್ಯ ಕಾಯ್ದೆಯದು. ವನ್ಯಧಾಮ 1972ರ ವನ್ಯಜೀವಿ ಕಾಯ್ದೆಯದು. ಟೈಗರ್ ರಿಸರ್ವ್ ಆ ಕಾಯ್ದೆಗೆ 2006ರಲ್ಲಿ ಮಾಡಿದ ತಿದ್ದುಪಡಿಯದು. ಅದರಲ್ಲಿ ಕೋರ್, ಬಫರ್ ಎಂದು ಎರಡು ಭಾಗ. ಕೋರ್ ಹುಲಿಗೆಂದೇ ಇರುವ ಜಾಗ. ಬಫರ್‌ನಲ್ಲಿ ಜನರೂ ಇರುತ್ತಾರೆ, ಅದರ ಗಡಿ ಗುರುತಿಸುವಾಗ ಗ್ರಾಮಸಭೆಯ ಜೊತೆ ಸಮಾಲೋಚಿಸಬೇಕೆಂದು ಕಾಯ್ದೆಯಲ್ಲೇ ಇದೆ. ಅವರು ಎಲ್ಲ ಕೇಳಿ, ಲೋಟ ಕೆಳಗಿಟ್ಟು, "ಹಂಗಾರೆ ನಮ್ಮೂರು ಕೋರೋ ಬಫರೋ?" ಅಂದರು.