ಉಷ್ಟ್ರಪಕ್ಷಿಯ ಸಂತಾನ ಸಾಮರ್ಥ್ಯ: ತಳಿ ಆಯ್ಕೆ ಮತ್ತು ವಂಶದಾಖಲೆಯ ತೊಡಕು

ದಕ್ಷಿಣ ಆಫ್ರಿಕದ ಕ್ಲೈನ್ ಕರೂ ಸೀಮೆಯಲ್ಲಿ 1914ರಲ್ಲಿ ಗರಿಯ ಮಾರುಕಟ್ಟೆ ಕುಸಿಯುವವರೆಗೆ ಉಷ್ಟ್ರಪಕ್ಷಿಯ ತಳಿ ಆಯ್ಕೆಯೆಂದರೆ ಗರಿಯ ಆಯ್ಕೆಯೇ ಆಗಿತ್ತು. ಈಗ ಅಲ್ಲಿನ ಸಾಕಣೆದಾರರ ಆದಾಯ ಬಹುಮಟ್ಟಿಗೆ ಚರ್ಮ, ಮಾಂಸಗಳದು. ಅದಕ್ಕೆ ಬದುಕುಳಿಯುವ ಮರಿಗಳು ಬೇಕು. ಇಷ್ಟಾದರೂ ಸಂತಾನ ಸಾಮರ್ಥ್ಯಕ್ಕಾಗಿ ಆಯ್ಕೆ ನಡೆದದ್ದು ತೀರ ಕಡಿಮೆ. ಆನುವಂಶಿಕ ವೈವಿಧ್ಯಕ್ಕೆ ಈ ಪಕ್ಷಿಯಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ವಂಶದಾಖಲೆಗೆ ಎಂಬುದು ಈ ಲೇಖನದ ವಾದ.

ವಾಣಿಜ್ಯ ಫಾರ್ಮ್‌ಗಳಲ್ಲಿ ಹತ್ತು ಹೆಣ್ಣಿಗೆ ಸುಮಾರು ಆರು ಗಂಡಿನಂತೆ ಇಡೀ ಹಿಂಡನ್ನು ಒಂದೇ ಬಯಲಿನಲ್ಲಿ ಬಿಡುವ ರೂಢಿಯಿದೆ. ನೆಲದಲ್ಲಿ ಕೆದರಿದ ಒಂದೇ ಗುಳಿಗೆ ಹಲವು ಹೆಣ್ಣುಗಳು ಮೊಟ್ಟೆಯಿಡುತ್ತವೆ. ಕೀನ್ಯದ ತ್ಸಾವೋದಲ್ಲಿ ಕಾಡುಪಕ್ಷಿಗಳನ್ನು ಅಭ್ಯಸಿಸಿದ ಬ್ರಯಾನ್ ಬರ್ಟ್ರಮ್, ಗೂಡಿನ ಹಿರಿಯ ಹೆಣ್ಣು ತನ್ನ ಮೊಟ್ಟೆಗಳನ್ನು ಗುರುತಿಸಿ, ಜಾಗ ಸಾಲದಾದಾಗ ಬೇರೆಯವನ್ನು ಅಂಚಿಗೆ ದೂಡುವುದನ್ನು ತೋರಿಸಿದರು. ಮೊಟ್ಟೆ ಆರಿಸಲು ಬರುವ ಕೆಲಸಗಾರನಿಗೆ ಆ ಗುರುತು ಸಿಗುವುದಿಲ್ಲ. ತಾಯಿ ಗೊತ್ತಿಲ್ಲ, ತಂದೆಯಂತೂ ಗೊತ್ತೇ ಇಲ್ಲ.

ಕ್ಲೈನ್ ಕರೂ ಸೀಮೆಯ ಔಟ್ಸ್‌ಹೋರ್ನ್‌ನಲ್ಲಿರುವ ಸಂಶೋಧನಾ ಫಾರ್ಮ್ ಬೇರೆ ದಾರಿ ಹಿಡಿಯಿತು. ಅಲ್ಲಿ ಒಂದೊಂದು ಜೋಡಿಗೂ ಪ್ರತ್ಯೇಕ ಆವರಣ. ಪ್ರತಿ ಮೊಟ್ಟೆಯ ಜೊತೆಗೂ ಅದನ್ನಿಟ್ಟ ಜೋಡಿಯ ದಾಖಲೆ. ಇದರಿಂದ ತಿಳಿದುಬಂದ ಸಂಗತಿಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ನೀರಿನ ನಷ್ಟ. ಸುಮಾರು 1.4 ಕಿಲೋ ತೂಗುವ ಮೊಟ್ಟೆ 42 ದಿನಗಳ ಕಾವಿನಲ್ಲಿ ಚಿಪ್ಪಿನ ರಂಧ್ರಗಳ ಮೂಲಕ ನೀರು ಕಳೆದುಕೊಳ್ಳುತ್ತದೆ. ತೂಕದ ಸುಮಾರು 15% ಇಳಿದರೆ ಒಳ್ಳೆಯದು. ತೀರ ಕಡಿಮೆ ಇಳಿದರೆ ಮರಿ ನೀರು ತುಂಬಿ ಊದಿಕೊಂಡು ಚಿಪ್ಪಿನೊಳಗೇ ಸಾಯುತ್ತದೆ. ಹೆಚ್ಚು ಇಳಿದರೆ ಒಣಗುತ್ತದೆ. ಈ ನಷ್ಟದ ಪ್ರಮಾಣ ವಂಶಪಾರಂಪರ್ಯವಾಗಿ ಸಾಗುವ ಗುಣ. ಹಾಗಾಗಿ ಭ್ರೂಣಮರಣವನ್ನೆಲ್ಲ ಕಾವುಯಂತ್ರದ ತಲೆಗೆ ಕಟ್ಟುವುದು ಸರಿಯಲ್ಲ.

ಮೊಟ್ಟೆಗಳ ಸಂಖ್ಯೆಯ ಆನುವಂಶಿಕತಾ ಪ್ರಮಾಣ ದೊಡ್ಡದಲ್ಲ. ಆದರೆ ಹೆಣ್ಣಿನಿಂದ ಹೆಣ್ಣಿಗೆ ವ್ಯತ್ಯಾಸ ವಿಪರೀತ: ಒಂದು ಇಡೀ ಋತುವಿನಲ್ಲಿ ಬೆರಳೆಣಿಕೆಯಷ್ಟು ಇಟ್ಟರೆ ಇನ್ನೊಂದು ಹತ್ತಾರು ಇಡುತ್ತದೆ. ಇಷ್ಟು ಹರವಿದ್ದರೆ ಆಯ್ಕೆ ಫಲ ಕೊಡುತ್ತದೆ. ಮೊಟ್ಟೆಗಳನ್ನಷ್ಟೇ ಎಣಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಮೊದಲ ವಾರಗಳಲ್ಲೇ ಮರಿಗಳು ಹೆಚ್ಚಾಗಿ ಸಾಯುವುದರಿಂದ, ಆ ಗಂಡಾಂತರ ದಾಟಿದ ಮರಿಗಳ ಲೆಕ್ಕ ತಾಯಿಯ ಹೆಸರಿಗೆ ಸೇರಬೇಕು.

ಜೋಡಿ ಪದ್ಧತಿಗೂ ಮಿತಿಯಿದೆ. ಖರ್ಚು ಹೆಚ್ಚು, ಜೊತೆಗೆ, ಜೋಡಿ ಬದಲಿಸದಿದ್ದರೆ ಬಂಜೆಮೊಟ್ಟೆಯ ಕಾರಣ ಗಂಡೋ ಹೆಣ್ಣೋ ಬೇರ್ಪಡಿಸಲಾಗದು. ಕೃತಕ ಗರ್ಭಧಾರಣೆ ಈ ಗಂಟನ್ನು ಬಿಡಿಸಬಲ್ಲದು: ಪಳಗಿದ ಗಂಡು ಕೃತಕ ಹೆಣ್ಣಿನ ಮೇಲೆ ತಾನಾಗಿಯೇ ವೀರ್ಯ ಬಿಡುತ್ತದೆ, ಅದನ್ನು ಹಲವು ಹೆಣ್ಣುಗಳಿಗೆ ಹಂಚಬಹುದು. ಸಾಮಾನ್ಯ ಹಿಂಡುಗಳಿಗಾದರೆ ತಂದೆತಾಯಿಯರ ಮತ್ತು ಮರಿಗಳ ಡಿಎನ್‌ಎ ಹೋಲಿಕೆಯೇ ಸದ್ಯದ ದಾರಿ. ಬಯಲಿನ ವ್ಯವಸ್ಥೆಯನ್ನು ಕದಲಿಸದೆ ವಂಶಾವಳಿ ಬರೆಯಲು ಅದು ಸಾಕು.