ಆನುವಂಶಿಕ ಬೊಬ್ಬೆರೋಗವಿರುವ ಹಸುಗೂಸುಗಳಲ್ಲಿ ಇಸುಬಿನ ನಿರ್ವಹಣೆ

ಎಪಿಡರ್ಮೊಲೈಸಿಸ್ ಬುಲ್ಲೋಸ (ಇ.ಬಿ.) ಇರುವ ಮಗುವಿನ ಚರ್ಮ ತುಸು ಉಜ್ಜಿದರೂ ಬೊಬ್ಬೆ ಏಳುತ್ತದೆ. ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನುಗಳ ವಂಶವಾಹಿಗಳಲ್ಲಿನ ದೋಷ ಇದರ ಮೂಲ: ಸಿಂಪ್ಲೆಕ್ಸ್ ಬಗೆಯಲ್ಲಿ ಹೆಚ್ಚಾಗಿ ಕೆರಾಟಿನ್ 5 ಅಥವಾ 14, ಡಿಸ್ಟ್ರೋಫಿಕ್ ಬಗೆಯಲ್ಲಿ ಕೊಲಾಜನ್ 7. ಇಂಥ ಕೂಸಿಗೆ ಇಸುಬೂ ಅಂಟಿಕೊಂಡರೆ ಕೆರೆದಲ್ಲಿ ಬೊಬ್ಬೆ, ಒಡೆದಲ್ಲಿ ಹಸಿಗಾಯ, ಗಾಯ ಮಾಯುವಾಗ ಮತ್ತೆ ತುರಿಕೆ. ಆದ್ದರಿಂದ ಇಸುಬಿನ ಚಿಕಿತ್ಸೆಯನ್ನು ಗಾಯದ ಆರೈಕೆಯಿಂದ ಬೇರ್ಪಡಿಸಬಾರದು ಎಂಬುದು ಈ ಲೇಖನದ ವಾದ.

ಎರಡನ್ನೂ ಗುರುತಿಸಲು ಜಾಗ ನೆರವಾಗುತ್ತದೆ. ಹಸುಗೂಸಿನ ಇಸುಬು ಕೆನ್ನೆ ಮತ್ತು ಕೈಕಾಲುಗಳ ಹೊರಮೈಯಲ್ಲಿ ಹೆಚ್ಚು. ಡೈಪರ್ ಮುಚ್ಚುವ ಜಾಗವನ್ನು ಸಾಮಾನ್ಯವಾಗಿ ಬಿಡುತ್ತದೆ. ಇ.ಬಿ. ಬೊಬ್ಬೆಗಳು ಡೈಪರಿನ ಅಂಚು, ಬಟ್ಟೆಯ ಹೊಲಿಗೆಯಂಥ ಒರಸುವ ಕಡೆ ಏಳುತ್ತವೆ. ಒಂದೇ ಅಳತೆಯ, ಕೊರೆದಂತಿರುವ ಸಣ್ಣ ಹುಣ್ಣುಗಳು ಗುಂಪಾಗಿ ಎದ್ದರೆ ಅದನ್ನು ಎಂದಿನ ಬೊಬ್ಬೆಯೆಂದು ಬಿಡುವುದು ಅಪಾಯ. ಇಸುಬಿನ ಮೇಲೆ ಹರ್ಪಿಸ್ ಹಬ್ಬಿರಬಹುದು; ಅಸೈಕ್ಲೊವಿರ್ ತಡವಾಗಬಾರದು.

ಚರ್ಮ ಮೊದಲೇ ದುರ್ಬಲ, ಸ್ಟೀರಾಯ್ಡ್ ಬೇಡ ಎಂಬ ಅಂಜಿಕೆ ಸಹಜವೇ. ಆದರೆ ತುರಿಕೆಯನ್ನು ಹಾಗೇ ಬಿಟ್ಟರೆ ಉಗುರು ಮಾಡುವ ಹಾನಿ ಹೆಚ್ಚು. ಒಡೆಯದ, ಕೆಂಪೇರಿದ ಚರ್ಮಕ್ಕೆ ಹೈಡ್ರೊಕಾರ್ಟಿಸೋನ್ 1% ಮುಲಾಮನ್ನು ವೈದ್ಯರ ನಿಗಾದಲ್ಲಿ ಕೆಲವು ದಿನ ಹಚ್ಚುವುದು ಸೂಕ್ತ. ಹಸಿಗಾಯಕ್ಕೆ ಬೇಡ, ಅಲ್ಲಿಂದ ಔಷಧಿ ರಕ್ತಕ್ಕೆ ಇಳಿಯುತ್ತದೆ. ಟ್ಯಾಕ್ರೊಲಿಮಸ್‌ಗೂ ಇದೇ ಎಚ್ಚರ: ಚರ್ಮದ ತಡೆಗೋಡೆ ಕೆಟ್ಟಿರುವ ನೆದರ್ಟನ್ ರೋಗದ ಮಕ್ಕಳಲ್ಲಿ ಅದರ ರಕ್ತಮಟ್ಟ ಮಿತಿಮೀರಿದ್ದು ದಾಖಲಾಗಿದೆ. ಯೂರಿಯಾ, ಸ್ಯಾಲಿಸಿಲಿಕ್ ಆಮ್ಲ ಇರುವ ಲೇಪಗಳು ಸಲ್ಲವು. ಇಸುಬಿಗೆ ಒಗ್ಗುವ ಒದ್ದೆಬಟ್ಟೆಯ ಸುತ್ತುಕಟ್ಟು ಇಲ್ಲಿ ಒರಸಿ ಬೊಬ್ಬೆ ಎಬ್ಬಿಸಬಹುದು. ಗಾಯಕ್ಕೆ ಅಂಟುಪಟ್ಟಿಯ ಬದಲು ಮೃದು ಸಿಲಿಕೋನ್ ಪಟ್ಟಿಯೇ ಸರಿ.

ಕರ್ನಾಟಕದ ಮನೆಗಳಲ್ಲಿ ಕೂಸಿಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಉಜ್ಜಿ, ಬಿಸಿನೀರು ಎರೆಯುವ ವಾಡಿಕೆಯ ಬಗ್ಗೆ ವೈದ್ಯರು ತಾವಾಗಿಯೇ ಕೇಳಬೇಕು. ತಿಕ್ಕುವುದು ಬೊಬ್ಬೆ ತರುತ್ತದೆ, ಬಿಸಿನೀರು ತುರಿಕೆ ಕೆರಳಿಸುತ್ತದೆ. ಎರೆಯುವ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, ಉಗುರುಬೆಚ್ಚಗಿನ ನೀರು ಹೊಯ್ದು ಬಟ್ಟೆಯಿಂದ ಒತ್ತಿ ಒರೆಸುವುದನ್ನೂ ವ್ಯಾಸಲೀನನ್ನು ಉಜ್ಜದೆ ಮೆಲ್ಲಗೆ ಸವರುವುದನ್ನೂ ಮಾಡಿ ತೋರಿಸಬೇಕು. ತಾಯಿಗೆ ಮಾತ್ರ ಹೇಳಿ ಕಳಿಸಿದರೆ ಬಾಣಂತನದ ಮನೆಯಲ್ಲಿ ಅವಳ ಮಾತು ನಡೆಯದಿರಬಹುದು.

ಹಚ್ಚುವ ಔಷಧಿಗೆ ಬಗ್ಗದ ಇಸುಬಿಗೆ ಡುಪಿಲುಮ್ಯಾಬ್ ಚುಚ್ಚುಮದ್ದು ಇದೆ. ಅಮೆರಿಕದಲ್ಲಿ 2022ರಿಂದ 6 ತಿಂಗಳ ಮಗುವಿಗೂ ಅನುಮತಿಯಿದೆ. ಅದು ನಡೆಯುವಾಗ ಜೀವಂತ ಲಸಿಕೆ ಕೊಡುವಂತಿಲ್ಲ. ನಮ್ಮ ಪಟ್ಟಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ 9 ತಿಂಗಳಿಗೆ ಬರುವುದರಿಂದ, ಯಾವುದು ಮೊದಲು ಎಂಬುದನ್ನು ಚರ್ಮವೈದ್ಯರೂ ಮಕ್ಕಳ ವೈದ್ಯರೂ ಕೂಡಿ ಮುಂಚೆಯೇ ನಿರ್ಧರಿಸಬೇಕು.