ಬಿಟ್ಟು ಹೋದ ಮನೆಯ ಬಾಗಿಲು

ನೋಡಿ, ಬ್ರಿಟನ್ ಯುರೋಪಿನ ಬಾಗಿಲು ತಟ್ಟಿದ್ದು ಇದೇ ಮೊದಲಲ್ಲ. 1963, 1967ರಲ್ಲಿ ಫ್ರಾನ್ಸಿನ ಡಿ ಗಾಲ್ ಒಪ್ಪಲೇ ಇಲ್ಲ. 1973ರಲ್ಲಿ ಒಳಗೆ ಬಂತು. 2016ರ ಜನಮತದಲ್ಲಿ ಶೇ. 51.9ರಷ್ಟು ಮಂದಿ ಸಾಕು ಅಂದರು, 2020ರ ಜನವರಿ 31ಕ್ಕೆ ಹೊರಟೇಬಿಟ್ಟರು.

ಆಮೇಲೆ? 2024ರಲ್ಲಿ ಹೊರೈಜನ್ ಸಂಶೋಧನಾ ಯೋಜನೆಗೆ ದುಡ್ಡು ಕಟ್ಟಿ ಮರಳಿದರು. ಎಂಜಿನಿಯರಿಂಗ್ ಓದಿದ ನನಗೆ ಇದು ಅರ್ಥವಾಗುತ್ತೆ. ಆದರೆ ಮೀನು? ಬ್ರೆಕ್ಸಿಟ್ ಪ್ರಚಾರದಲ್ಲಿ ಮೀನುಗಾರರ ಹೆಸರಲ್ಲಿ ಎಷ್ಟು ಕಣ್ಣೀರು! 2025ರ ಮೇ 19ರಂದು ಲಂಡನ್ನಿನಲ್ಲಿ ಪ್ರಧಾನಿ ಸ್ಟಾರ್ಮರ್ ಯುರೋಪಿನ ದೋಣಿಗಳಿಗೆ 2038ರವರೆಗೆ ಬ್ರಿಟಿಷ್ ಕಡಲು ತೆರೆದಿಡಲು ಒಪ್ಪಿದರು. ಅದೇ ದಿನ ಆಹಾರ ರಫ್ತಿನ ತಪಾಸಣೆ ಇಳಿಸುವ ಒಪ್ಪಂದಕ್ಕೂ ದಾರಿಯಾಯಿತು. ಅದಕ್ಕೆ ಯುರೋಪಿನ ಆಹಾರ ನಿಯಮ ಬದಲಾದಂತೆಲ್ಲ ಬ್ರಿಟನ್ನೂ ಬದಲಾಗಬೇಕು. ಆ ನಿಯಮಕ್ಕೆ ಮತ ಹಾಕುವ ಮೇಜಿನಲ್ಲಿ ಮಾತ್ರ ಈಗ ಅವರಿಗೆ ಕುರ್ಚಿ ಇಲ್ಲ.